ಕಣಗಿಲೆಯ ಬುಡದ ಚಮಚ

"ಆ ಕಣಗಿಲೆ ಮುಟ್ಟಬೇಡ. ಬುಡದಲ್ಲಿ ಮಾಟ ಇದೆ," ಎಂದಳು ದೊಡ್ಡ ಸೊಸೆ.

ಚಿಕ್ಕ ಸೊಸೆ ನಕ್ಕಳು. ಕೇಕ್ ಮಾಡಿ ಮಾರುವುದು ಅವಳ ಕಸುಬು. ಗಂಡ, ಮಗಳ ಜೊತೆ ಈ ಮನೆಗೆ ಬಂದವಳು ಇನ್ನೂ ಸಾಮಾನು ಬಿಚ್ಚಿರಲಿಲ್ಲ.

"ಗುಲಾಬಿ ತಿಂತೀವಿ, ದಾಸವಾಳ ತಿಂತೀವಿ. ಇದೇನು ಪಾಪ ಮಾಡಿದೆ ಅಕ್ಕಾ?"

"ವಿಷ ಕಣೇ. ಹೂ, ಎಲೆ, ಕಡ್ಡಿ, ಎಲ್ಲಾ. ನನ್ನ ಮಗನ್ನ ತಿಂದಿದ್ದು ಇದೇ."

"ತಿನ್ನೋಕಲ್ಲ, ಚಂದಕ್ಕೆ. ಕೇಕ್ ಕತ್ತರಿಸೋ ಮುಂಚೆ ಕಿತ್ತು ಬಿಸಾಕ್ತೀನಿ."

ಚಂದಕ್ಕಂತೆ! ಅತ್ತೆ ಅನ್ನಿಸಿಕೊಂಡವಳೂ ಹಿಂದೊಮ್ಮೆ ಹಣ್ಣಿನ ತಟ್ಟೆಗೆ ಇದೇ ಹೂವನ್ನು ಚಂದಕ್ಕೆಂದೇ ಇಟ್ಟಿದ್ದಳು. ಅದನ್ನು ತಿಂದು ಮೊಮ್ಮಗ ಸತ್ತಾಗ ಅವಳ ನಾಚಿಕೆಗೆಟ್ಟ ಬಾಯಿ ಹೇಳಿದ್ದೇನು? "ಹೆತ್ತವಳಿಗೆ ಎಚ್ಚರ ಬೇಡವೇ?" ಹೊಟ್ಟೆಗೆ ಬೆಂಕಿ ಬಿದ್ದ ದೊಡ್ಡ ಸೊಸೆ ಮಗುವಿನ ಚಮಚಕ್ಕೆ ತನ್ನ ಕೂದಲು ಸುತ್ತಿ, ಗಿಡದ ಬುಡದಲ್ಲಿ ಹೂತು ಶಪಿಸಿದ್ದಳು: ಈ ಹೂವನ್ನು ತಿನ್ನುವ ತಟ್ಟೆಗಿಟ್ಟ ಕೈಯಿಂದ ಯಾವ ಮಗುವೂ ತುತ್ತು ತಿನ್ನದಿರಲಿ. ಅತ್ತೆ ಸತ್ತಳು. ಶಾಪ ಸಾಯಲಿಲ್ಲ.

ಮಧ್ಯಾಹ್ನ ಮಗಳು ಪುಟ್ಟಿಯ ಹುಟ್ಟುಹಬ್ಬ. ಮೇಣದಬತ್ತಿ ಹಚ್ಚಲೆಂದು ಪರದೆ ಎಳೆದು ಕೋಣೆ ಕತ್ತಲು ಮಾಡಿದರು. ಬೆಣ್ಣೆಯ ಘಮದ ನಡುವೆ ಅಗೆದ ಮಣ್ಣಿನ ವಾಸನೆ ತೇಲಿ ಬಂತು. ಚಿಕ್ಕ ಸೊಸೆ ಕೇಕಿಗೆ ಚುಚ್ಚಿದ್ದ ಹೂಗಳನ್ನು ಕಿತ್ತಳು. ಕಡ್ಡಿಗಳಿಂದ ಸೋರಿದ ರಸ ಅದಾಗಲೇ ಕೆನೆಯೊಳಗೆ ಇಳಿದಿತ್ತು. ಅದು ಅವಳಿಗೆ ಕಾಣಲಿಲ್ಲ.

ಟಣ್. ಚಮಚ ತಟ್ಟೆಗೆ ಬಡಿದ ಸದ್ದು. ಯಾರ ಕೈಯಲ್ಲೂ ಚಮಚವಿರಲಿಲ್ಲ.

ತಾಯಿಯ ಕೈಯಿಂದ ಮೊದಲ ತುತ್ತು ಮಗಳಿಗೆ.

"ಕಹಿ, ಅಮ್ಮಾ."

ವಾಂತಿ. ಮತ್ತೆ ವಾಂತಿ. ಕಣ್ಣು ಮೇಲೆ ಹೋದವು. ಎದೆಬಡಿತ ತಡವರಿಸಿತು. ನಿಂತಿತು. ಮತ್ತೆ ಬಡಿಯಿತು. ಎತ್ತಿಕೊಂಡು ಓಡಿದರು.

ಪುಟ್ಟಿ ಬದುಕಿ ಆಸ್ಪತ್ರೆಯಿಂದ ಬಂದಳು. ಆದರೆ ತಾಯಿ ತುತ್ತು ಹಿಡಿದರೆ ಹಲ್ಲು ಬಿಗಿಯುತ್ತಿದ್ದವು. ತಾಯಿ ಕುಡಿಸಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡಮ್ಮ ತಿನ್ನಿಸಿದರೆ ಬಟ್ಟಲು ಖಾಲಿ.

ಚಿಕ್ಕ ಸೊಸೆ ಹುಚ್ಚು ಹಿಡಿದವಳಂತೆ ಗಿಡದ ಬುಡ ಅಗೆದಳು. ಚಮಚ ಸಿಕ್ಕಿತು. ತುಕ್ಕಿಲ್ಲ. ಮಣ್ಣಿಲ್ಲ. ಅದಕ್ಕೆ ಕೇಕಿನ ಕೆನೆ ಮೆತ್ತಿತ್ತು, ಇನ್ನೂ ಹಸಿಯಾಗಿ.

"ನಿಮ್ಮ ಕಾಲು ಹಿಡೀತೀನಿ ಅಕ್ಕಾ! ಈ ಮಾಟ ತೆಗೀರಿ!"

"ಹಾಕೋದಷ್ಟೇ ಗೊತ್ತಿತ್ತು. ಆ ಸಿಟ್ಟಲ್ಲಿ ತೆಗೆಯೋದು ಹೇಗೆ ಅಂತ ಯಾರು ಕೇಳ್ಕೋತಾರೆ? ಬೇಡ ಅಂದೆ. ನಕ್ಕೆ ನೀನು."

ಒಳಗಿನಿಂದ ಪುಟ್ಟಿ ಕೂಗಿದಳು, "ದೊಡ್ಡಮ್ಮಾ, ಹಸಿವು!"

ದೊಡ್ಡ ಸೊಸೆ ಅವಳ ಕೈಯಿಂದ ಚಮಚ ಕಿತ್ತುಕೊಂಡಳು. ನಲ್ಲಿಯಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಮಗುವಿಗೆ ಉಣಿಸಲು ಒಳಗೆ ಹೋದಳು.