ಎಡಗಡೆಯ ತೋಳು

ಸುಳ್ಳು ಹೇಳಿದವಳು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಅವನನ್ನು ಬೈಯುವುದಕ್ಕೆ ನನಗೂ ಸ್ವಲ್ಪ ಹಕ್ಕು ಉಳಿಯುತ್ತದೆ.

"ಗಂಡಸರ ಸ್ವೆಟರಾ?" ಎಂದು ಕೇಳಿದ್ದ ಉಲನ್ ಅಂಗಡಿಯವನು, ಬೂದು ಬಣ್ಣದ ಉಂಡೆಗಳನ್ನು ಮೇಜಿನ ಮೇಲೆ ಜೋಡಿಸುತ್ತ. "ಅಳತೆ ತಂದಿದ್ದೀರಾ?"

ಅಳತೆ ಎದುರಿಗೇ ನಿಂತಿತ್ತು. ಒಂದು ವರ್ಷದಿಂದ ಆ ಅಂಗಡಿಗೆ ಹೋಗಿ ಬಂದು ಅವನ ಭುಜ, ಉದ್ದನೆಯ ಕೈ, ಮೇಲಿನ ಕಪಾಟಿಗೆ ಚಾಚಿದಾಗ ಹಿಂದೆ ಸರಿಯುವ ಶರಟಿನ ತೋಳು, ಎಲ್ಲ ನನಗೆ ಬಾಯಿಪಾಠವಾಗಿತ್ತು. ನಿಮಗೇ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾಲಿಗೆ ಕೈಕೊಟ್ಟಿತು.

"ಹೆಚ್ಚುಕಮ್ಮಿ ನಿಮ್ಮ ಮೈಕಟ್ಟೇ," ಎಂದೆ. "ನಿಮ್ಮ ಅಳತೇನೇ ತಗೊಳ್ಳಲಾ?"

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಕತ್ತಿನಲ್ಲಿದ್ದ ಟೇಪು ತೆಗೆದುಕೊಟ್ಟು ಕೈ ಅಗಲಿಸಿ ನಿಂತ. ಎದೆಯ ಸುತ್ತ ಟೇಪು ಹಾಯಿಸುವಾಗ ನನ್ನ ಮೂಗು ಅವನ ಶರಟಿನ ಗುಂಡಿಗೆ ಒಂದು ಗೇಣು ದೂರದಲ್ಲಿತ್ತು. ಅವನು ಉಸಿರು ಬಿಗಿಹಿಡಿದಿದ್ದ.

"ಉಸಿರು ಬಿಡಿ, ಅಳತೆ ತಪ್ಪತ್ತೆ."

"ಬಿಟ್ರೂ ತಪ್ಪತ್ತೆ ಮೇಡಂ," ಎಂದ, ಕಪಾಟಿನ ಕಡೆ ನೋಡುತ್ತ.

ಯಾರಿಗೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಪೂರ್ತಿ ಮುಗಿಸಿ, ಮಡಚಿ, ಅವನ ಕೈಗಿಟ್ಟು, "ಆ ಮೈಕಟ್ಟು ನಿಮ್ಮದೇ ಕಣ್ರೀ" ಅನ್ನಬೇಕು ಎಂದು ನನ್ನ ಲೆಕ್ಕಾಚಾರ. ಅರ್ಧಂಬರ್ಧ ಕೆಲಸ ತೋರಿಸಿ ಮನಸ್ಸು ಬಿಚ್ಚುವುದು ನನ್ನ ಜಾಯಮಾನವಲ್ಲ.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವವಳು. ಒಳಗೆ ಯಂತ್ರ ಕೊರೆಯುವಾಗ ಹೊರಗೆ ಕಾಯುವವರ ಮುಖ ಬಿಳಿಚಿಕೊಂಡಿರುತ್ತದೆ. ಅವರ ನಡುವೆ ನಾನೊಬ್ಬಳೇ ಸುಖಿ, ಮಡಿಲಲ್ಲಿ ಉಲನ್ ಇರುತ್ತದಲ್ಲ. ಕಡ್ಡಿಗೆ ಕಡ್ಡಿ ತಾಗುವ ಸಣ್ಣ ಸದ್ದು, ವಾರಕ್ಕೆ ನಾಲ್ಕು ಬೆರಳು ಬೆಳೆಯುವ ಬೆಚ್ಚನೆಯ ಭಾರ. ಅದರ ಸುಖ ಹೆಣೆಯುವವರಿಗೇ ಗೊತ್ತು.

ಕಷ್ಟವೂ ಅವರಿಗೇ ಗೊತ್ತು. ಕುಣಿಕೆ ಎಣಿಸುವಾಗಲೇ ಜಗತ್ತಿಗೆಲ್ಲ ಮಾತು ನೆನಪಾಗುತ್ತದೆ. ನೂರಾ ಏಳು, ನೂರಾ ಎಂಟು ಅನ್ನುವಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ, "ಉಪ್ಪು ಹಾಕಿದ್ಯೇನೇ?" ಅನ್ನುತ್ತಾಳೆ. ಮತ್ತೆ ಒಂದರಿಂದ ಶುರು. ನೋಡಿದವರೆಲ್ಲ, "ನಂಗೂ ಒಂದು ಹಾಕ್ಕೊಡ್ರೀ, ಹೇಗೂ ಸುಮ್ನೆ ಕೂತಿರ್ತೀರ," ಅನ್ನುವವರೇ. ಸುಮ್ಮನೆ ಕೂತಿರುತ್ತೇನಂತೆ.

ಪ್ರತಿ ಶನಿವಾರ ಮಧ್ಯಾಹ್ನ ಹೆಣೆದಷ್ಟನ್ನು ಅಂಗಡಿಗೆ ಒಯ್ಯುತ್ತಿದ್ದೆ. ಅವನು ಕಿಟಕಿಯ ಬೆಳಕಿಗೆ ಹರವಿ, ಸಾಲಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದ. ಬೆರಳು ಅಲ್ಲಿ ಓಡಿದರೆ ನನಗೆ ಇಲ್ಲಿ ಬೆನ್ನು ಜುಮ್ಮೆನ್ನುತ್ತಿತ್ತು.

"ಎಣಿಕೆ ಮೇಡಂ, ಇಲ್ಲೊಂದು ಜಡೆ ಡಿಸೈನು ಉಲ್ಟಾ ತಿರುಗಿದೆ," ಎಂದ ಒಂದು ಶನಿವಾರ. ಸದಾ ಕುಣಿಕೆ ಎಣಿಸುವ ನನಗೆ ಅವನಿಟ್ಟ ಹೆಸರು ಅದು. ನಿಜ, ತಿರುಗಿತ್ತು. ಇಪ್ಪತ್ತೆರಡು ಸಾಲು ಬಿಚ್ಚಿದೆ.

ಮುಂದೊಂದು ಸಲ, "ಬೆನ್ನಿನ ಭಾಗ ಸ್ವಲ್ಪ ಸಡಿಲ ಅನ್ಸಲ್ವಾ?" ಎಂದ. ಬೆನ್ನಿಡೀ ಬಿಚ್ಚಿದೆ. ಆಮೇಲೆ ಎಡತೋಳು ಬಲತೋಳಿಗಿಂತ ಬಿಗಿ ಎಂದ. ಅದನ್ನೂ ಬಿಚ್ಚಿದೆ.

ಬಿಚ್ಚಿದ ನೂಲು ಸಿಕ್ಕಾಗದಂತೆ ಲಡಿ ಸುತ್ತಲು ಎದುರಿಗೆ ಎರಡು ಕೈ ಬೇಕು. ಅವನು ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚುತ್ತಿದ್ದ, ನಾನು ಅದರ ಸುತ್ತ ನೂಲು ಸುತ್ತುತ್ತಿದ್ದೆ. ಅರ್ಧ ಗಂಟೆ ಅವನಿಗೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಮೂಗಿನ ತುದಿ ತುರಿಸಿದರೂ ನನ್ನನ್ನೇ ನೋಡಿ ಕಣ್ಣು ಕಿರಿದು ಮಾಡಬೇಕು. ನಾನು ಬೇಕಂತಲೇ ನಿಧಾನ ಮಾಡುತ್ತಿದ್ದೆ.

"ಅವರಿಗೆ ತಾಳ್ಮೆ ಜಾಸ್ತಿ," ಎಂದ ಒಮ್ಮೆ.

"ಯಾರಿಗೆ?"

"ಸ್ವೆಟರಿನವರಿಗೆ."

"ತಾವು ಕಾಯ್ತಿದ್ದೀವಿ ಅಂತಾನೇ ಅವರಿಗೆ ಗೊತ್ತಿಲ್ಲ."

ಅವನ ಕೈ ಸ್ವಲ್ಪ ಇಳಿಯಿತು, ನೂಲು ಜೋಲಾಡಿತು. "ಕೈ ಮೇಲೆ," ಎಂದೆ. ಎತ್ತಿದ. ಇಬ್ಬರೂ ನಗಲಿಲ್ಲ.

ಮನೆಯಲ್ಲಿ ಅಕ್ಕ ಬಿಡುತ್ತಿರಲಿಲ್ಲ. "ಅಲ್ವೇ, ಕುರ್ಚಿ ಬೆನ್ನಿಗೆ ಸುತ್ತಿದ್ರೂ ಆಗತ್ತೆ. ಅದಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗ್ಬೇಕಾ?"

"ಕುರ್ಚಿಗೆ ಉಲನ್ ಬಗ್ಗೆ ಏನೂ ಗೊತ್ತಿರಲ್ಲ ಅಕ್ಕ."

ಹೀಗೆ ಒಂಬತ್ತು ತಿಂಗಳು ಕಳೆಯಿತು. ಕೊನೆಯ ಹೊಲಿಗೆ ಹಾಕಿ ಗಂಟು ಬಿಗಿದ ದಿನ ಸ್ವೆಟರನ್ನು ಒಳಗೂ ಹೊರಗೂ ತಿರುಗಿಸಿ ನೋಡಿದೆ. ಒಂದು ತಪ್ಪಿಲ್ಲ. ಹದಿನೈದು ವರ್ಷದಲ್ಲಿ ನನ್ನ ಕೈಯಿಂದ ಅಂಥದು ಬಂದಿರಲಿಲ್ಲ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಬಾಯೊಳಗೇ ಉರು ಹೊಡೆದುಕೊಂಡು ಹೋದೆ.

ಅಂಗಡಿಯ ಮೇಜಿನ ಮೇಲೆ ಮದುವೆ ಕಾಗದಗಳ ಕಟ್ಟೊಂದಿತ್ತು.

"ಯಾರ ಮದುವೆ?"

"ನಂದು," ಎಂದ. "ಎರಡು ವಾರ ಆಯ್ತು, ಒಪ್ಕೊಂಡೆ. ಅಮ್ಮ ಮೂರು ವರ್ಷದಿಂದ ಹಿಂದೆ ಬಿದ್ದಿದ್ರು."

ನನ್ನ ಕೈಯಲ್ಲಿದ್ದ ಚೀಲ ನೋಡಿ, "ಮುಗೀತಾ?" ಎಂದ. "ಕೊಡಿ, ಒಂದ್ಸಲ ಹಾಕ್ಕೊಂಡು ನೋಡ್ತೀನಿ. ಅವರಿಗೆ ಸರಿಹೋಗತ್ತಾ ಗೊತ್ತಾಗತ್ತೆ."

ಹಾಕಿಕೊಂಡ. ಭುಜ ಭುಜದ ಮೇಲೇ ಕೂತಿತು. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು. ಅಷ್ಟು ಚೆನ್ನಾಗಿ ಒಪ್ಪಿದ್ದಕ್ಕೇ ನನಗೆ ಅಳು ಬಂತು.

"ಪುಣ್ಯವಂತರು," ಎಂದ, ಕನ್ನಡಿ ನೋಡುತ್ತ.

"ಅವರು ಅಂತ ಯಾರೂ ಇಲ್ಲ ಕಣ್ರೀ. ನಿಮಗೇ ಹಾಕಿದ್ದು. ಮೊದಲನೇ ಸಾಲಿಂದ್ಲೂ."

ಸ್ವೆಟರಿನಲ್ಲೇ ಸ್ಟೂಲಿನ ಮೇಲೆ ಕೂತ. ತೋಳಿನ ಅಂಚನ್ನು ಸವರಿದ.

"ಬೆನ್ನು ಸಡಿಲ ಅಂದಿದ್ನಲ್ಲ," ಎಂದ, "ಸಡಿಲ ಇರ್ಲಿಲ್ಲ. ಎಡತೋಳೂ ಸರಿಯಾಗೇ ಇತ್ತು."

"ಮತ್ತೆ ಯಾಕೆ ಬಿಚ್ಚಿಸಿದ್ರಿ?"

"ಮುಗಿದ್ರೆ ನೀವು ಬರಲ್ಲ ಅಂತ. ಅವರ ಕೈಗೆ ಅದು ಸೇರೋದೂ ಬೇಡ ಅಂತ."

ಹೊಟ್ಟೆ ಉರಿದುಹೋಯಿತು. ಬೆನ್ನು ಏಳು ವಾರ, ತೋಳು ಮೂರು ವಾರ. ಆ ಹತ್ತು ವಾರ ನನ್ನ ಕೈಯಲ್ಲಿದ್ದಿದ್ದರೆ, ಅವನು ಯಾರಿಗೋ ಹೂಂ ಅನ್ನುವ ಮೊದಲೇ ನಾನು ಈ ಬಾಗಿಲಲ್ಲಿ ನಿಂತಿರುತ್ತಿದ್ದೆ. ಅದಕ್ಕಿಂತ ಉರಿದದ್ದು ನನ್ನ ಮೇಲೆ. ಆ ತೋಳು ಸರಿಯಾಗಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿದೆ, ಆ ಅರ್ಧ ಗಂಟೆಯ ಆಸೆಗೆ.

"ಬೇಡ ಅಂದ್ಬಿಡಿ," ಎಂದೆ. ಮಾನ ಮರ್ಯಾದೆ ಎಲ್ಲ ಬದಿಗಿಟ್ಟೇ ಅಂದೆ.

ಅವನು ಆಗಲ್ಲ ಎಂದು ತಲೆಯಾಡಿಸಿದ. "ಆ ಹುಡುಗಿಗೆ ಒಂದು ಸಲ ಹೀಗಾಗಿದೆ. ಕಾಗದ ಹಂಚಿದ ಮೇಲೆ ಹುಡುಗ ಬೇಡ ಅಂದನಂತೆ. ನೀವು ಹಾಗೆ ಮಾಡಲ್ಲ ಅಲ್ವಾ ಅಂತ ನನ್ನನ್ನ ಕೇಳಿದ್ಲು. ಮಾಡಲ್ಲ ಅಂದೆ."

ಮಾಡು ಎಂದು ನಾನು ಹೇಗೆ ಹೇಳಲಿ? ಅವನ ಒಳ್ಳೆಯತನ ಮೆಚ್ಚಿಯೇ ಒಂಬತ್ತು ತಿಂಗಳು ಹೆಣೆದಿದ್ದೆ. ಅದೇ ಒಳ್ಳೆಯತನ ಈಗ ನನ್ನ ಬಾಯಿಗೆ ಮಣ್ಣು ಹಾಕಿತು.

"ಇದನ್ನ ಇಟ್ಕೊಳ್ಲಾ?" ಎಂದ.

"ಯಾರು ಹಾಕಿದ್ದು ಅಂತ ಅವಳು ಕೇಳ್ತಾಳೆ. ಏನಂತೀರ? ತೆಗೀರಿ."

ತೆಗೆದ. ಕೂದಲು ಕೆದರಿ ನಿಂತಿತ್ತು. ನಾನು ಸರಿಮಾಡಲಿಲ್ಲ. ಮೇಜಿನ ಕತ್ತರಿ ತೆಗೆದುಕೊಂಡು ಎಡತೋಳಿನ ಹೊಲಿಗೆ ಬಿಡಿಸಿದೆ, ಭುಜದ ಹತ್ತಿರ ಎಳೆ ಹಿಡಿದು ಎಳೆದೆ. ಸಾಲು ಸಾಲಾಗಿ ಬಿಚ್ಚಿಕೊಂಡಿತು.

ನಾನು ಕೇಳಿರಲಿಲ್ಲ. ಅವನೇ ಎರಡೂ ಕೈ ಚಾಚಿದ.

ಈ ಸಲ ನಾನು ನಿಧಾನ ಮಾಡಲಿಲ್ಲ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ. ನಾನೂ ಒರೆಸಲಿಲ್ಲ. ಮಣಿಕಟ್ಟಿನ ಅಂಚು ಬಂದು ನೂಲು ಮುಗಿಯಿತು.

"ಸಾಕು, ಕೈ ಇಳಿಸಿ."

ಇಳಿಸಲಿಲ್ಲ. ಲಡಿಯನ್ನು ನಾನೇ ಜಾರಿಸಿಕೊಂಡೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಕೆಂಪು ಉಲನ್ ಕೇಳಿದರು. ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ಬೆನ್ನ ಹಿಂದೆ ಅಂಗಡಿಯವನ ಮಾಮೂಲಿ ಮಾತು ಕೇಳಿಸಿತು. "ಮತ್ತೆ ಬನ್ನಿ."

ಹೋಗಿಲ್ಲ. ಈಗ ಕ್ಲಿನಿಕ್ಕಿನ ಪಕ್ಕದ ಅಂಗಡಿಯಲ್ಲಿ ಸಿಕ್ಕ ಉಲನ್ ತರುತ್ತೇನೆ. ಅಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಒಂಟಿ ತೋಳಿನ ಸ್ವೆಟರ್ ಬೀರುವಿನಲ್ಲಿದೆ.

"ಒಳ್ಳೇ ಉಲನ್ ಕಣೇ, ಹುಳ ಹಿಡಿಯತ್ತೆ. ಉಳಿದದ್ದೂ ಬಿಚ್ಚಿ ಬೇರೆ ಏನಾದ್ರೂ ಹಾಕು," ಎಂದು ಹೋದ ಭಾನುವಾರ ಅಕ್ಕ ಅದನ್ನು ಹೊರಗೆ ತೆಗೆದಳು. ಸುತ್ತುವುದಕ್ಕೆಂದು ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ನನ್ನ ಮುಂದೆ ಇಟ್ಟಳು.

ನಾನು ಸ್ವೆಟರನ್ನು ಮಡಿಲಿಗೆಳೆದುಕೊಂಡು ಆ ಕುರ್ಚಿಯ ಮೇಲೆ ಕೂತುಬಿಟ್ಟೆ.