ಗೆರೆಯಾಚೆ ಒತ್ತಿದ ಮೊಹರು

"ಸುಳ್ಳು ಮೊಹರು ಅಂತ ಹೇಳ್ತಾನೇ ಇದ್ದೀನಿ! ಕಿವಿಗೆ ಹತ್ತಿ ಇಟ್ಕೊಂಡಿದ್ದೀರಾ?"

"ಇನ್ನೊಂದು ಸಲ ಮೇಜು ಗುದ್ದಿದ್ರೆ ನಿನ್ನನ್ನೇ ಮೊದ್ಲು ಒಳಗೆ ಹಾಕ್ತೀನಿ ಡಾಯಲ್. ಕೂತ್ಕೊಂಡು ಮಾತಾಡು."

ಡಾಯಲ್ ಕ್ರಿಗರ್ ಕೂರಲಿಲ್ಲ. ಟೈರ್ ಅಂಗಡಿಯ ಮಸಿ ಮೆತ್ತಿದ ಕೈಯಿಂದ ಒಂದು ಪ್ರತಿಯನ್ನು ವರ್ಜೀನಿಯಾದ ಬ್ರಿಸ್ಟಲ್ ಠಾಣೆಯ ಸಾರ್ಜೆಂಟ್ ವರ್ಲಿನ್ ಸ್ಟಾಲರ್ಡ್ ಮುಂದೆ ಎಸೆದ. ಅದು ದಾನಪತ್ರ. ಡಾಯಲ್‌ನ ಅಣ್ಣ ಹಾರ್ಮನ್ ತನ್ನ ಮನೆಯನ್ನು ಟ್ಯಾನ್ಸಿ ಎಂಬವಳಿಗೆ ಬರೆದುಕೊಟ್ಟಿದ್ದ. ಟ್ಯಾನ್ಸಿ ಹಾರ್ಮನ್‌ನ ತೀರಿಹೋದ ಹೆಂಡತಿಯ ಮೊದಲ ಮದುವೆಯ ಮಗಳು.

"ಕೆಳಗೆ ಓದಿ. ವರ್ಜೀನಿಯಾ ರಾಜ್ಯ, ಬ್ರಿಸ್ಟಲ್ ನಗರ, ಮಾರ್ಚ್ ಹನ್ನೊಂದು. ಅವತ್ತು ನನ್ನಣ್ಣ ಅಲಾಸ್ಕದ ಆಸ್ಪತ್ರೇಲಿ ಮೂಗಿಗೆ ನಳಿಕೆ ಹಾಕಿಸ್ಕೊಂಡು ಬಿದ್ದಿದ್ದ. ಮಾರನೇ ದಿನ ಎದೆ ಆಪರೇಷನ್‌ನಲ್ಲೇ ಹೋದ. ಇಲ್ಲಿಗೆ ಹಾರ್ಕೊಂಡು ಬಂದು ಸಹಿ ಹಾಕಿದ್ನಾ? ಆ ಹುಡುಗಿ ಮಾಡಿರೋ ಮೋಸ ಇದು. ಅವಳು ನಮ್ಮ ರಕ್ತಾನೇ ಅಲ್ಲ. ಆ ಮನೆ ನಂಗೆ ಬರ್ಬೇಕು."

ಸ್ಟಾಲರ್ಡ್‌ಗೂ ಇದು ಮೋಸವೆಂದೇ ಅನ್ನಿಸಿತು. ಏಪ್ರಿಲ್ 2ರ ಬೆಳಿಗ್ಗೆ ದೂರು ದಾಖಲಾಯಿತು. ಮಧ್ಯಾಹ್ನ ಸ್ಟಾಲರ್ಡ್ ಮತ್ತು ಪೇದೆ ನಡೀನ್ ಪ್ರಿಡಿ ಶಾಲೆಯ ಅಡುಗೆಮನೆಗೆ ಹೋದರು. ಟ್ಯಾನ್ಸಿ ಮಕ್ಕಳ ಊಟದ ತಟ್ಟೆಗಳನ್ನು ತೊಳೆಯುತ್ತಿದ್ದಳು.

"ಮಾರ್ಚ್ ಹನ್ನೊಂದರ ಸಂಜೆ ಎಲ್ಲಿದ್ದೆ?"

"ಇಲ್ಲೇ. ಹುರುಳಿಕಾಯಿ ಸೋಸ್ತಿದ್ದೆ. ಆರು ಜನ ನೋಡಿದ್ದಾರೆ."

"ಹಾರ್ಮನ್ ಬದಲು ಬೇರೆ ಯಾರಾದ್ರೂ ಸಹಿ ಹಾಕಿದ್ರಾ?"

ಅವಳು ಒದ್ದೆ ಕೈಗಳನ್ನು ಏಪ್ರನ್‌ಗೆ ಒರೆಸಿಕೊಂಡಳು. "ಅಪ್ಪ ಫೋನ್ ಮಾಡಿ, ಮನೆ ನಿನ್ನ ಹೆಸ್ರಿಗೆ ಮಾಡ್ತಿದ್ದೀನಿ ಅಂದ್ರು. ಬೇಡ, ಮೊದ್ಲು ಹುಷಾರಾಗಿ ಬನ್ನಿ ಅಂದೆ. ಅದೇ ಕೊನೇ ಮಾತು ಸಾರ್. ಮನೆ ಕಿತ್ಕೊಂಡ್ರೆ ನನ್ನ ಮಗಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ಪ್ರಿಡಿ ಸರ್ಕಾರಿ ವಕೀಲರನ್ನು ಕೇಳಿಕೊಂಡು ಠಾಣೆಗೆ ಬಂದಳು.

"ಸಾರ್, ನಾವಿಬ್ರೂ ದಡ್ಡರು."

"ನಿನ್ನ ಮಾತು ನಿನಗೇ ಇರ್ಲಿ. ವಿಷಯ ಹೇಳು."

"ಈ ಪತ್ರ ವಿಡಿಯೋ ಕರೇಲಿ, ಆನ್‌ಲೈನ್ ನೋಟರಿ ಮುಂದೆ ಆಗಿರೋದು. ಹಾಗೆ ಸಹಿ ಹಾಕೋನು ಅಲಾಸ್ಕದಲ್ಲಾದ್ರೂ ಇರ್ಲಿ, ಹಡಗಲ್ಲಾದ್ರೂ ಇರ್ಲಿ, ತಪ್ಪಿಲ್ಲ. ಬ್ರಿಸ್ಟಲ್ ಅಂತ ಬರೆದಿರೋದು ನೋಟರಿ ಕೂತಿದ್ದ ಜಾಗ. ನೋಟರಿ ಮಾತ್ರ ವರ್ಜೀನಿಯಾದೊಳಗೇ ಕೂತಿರ್ಬೇಕು. ಆನ್‌ಲೈನ್ ಅಂದ್ರೆ ಇಬ್ರೂ ಎಲ್ಲಿ ಬೇಕಾದ್ರೂ ಇರ್ಬೋದು ಅಂತ ಜನ ತಿಳ್ಕೊಂಡಿದ್ದಾರೆ, ಅದು ಸುಳ್ಳು. ಇನ್ನೊಂದು, ಇಡೀ ಮಾತುಕತೆ ವಿಡಿಯೋ ಆಗಿರುತ್ತೆ. ಐದು ವರ್ಷ ಜೋಪಾನವಾಗಿ ಇಡ್ಬೇಕು."

ಪತ್ರಕ್ಕೆ ಮೊಹರು ಒತ್ತಿದ್ದ ನೋಟರಿ ಒಲೀಟಾ ಫ್ಯೂಗೇಟ್ ಆ ಊರಿಗೆಲ್ಲ ಗೊತ್ತಿದ್ದ ಹೆಂಗಸು. ವಯಸ್ಸು ಅರವತ್ತು ದಾಟಿತ್ತು. ವಿಡಿಯೋ ಬೇಕೆಂದು ಸ್ಟಾಲರ್ಡ್ ಕೇಳಿದ. ಅವಳು ಒಳಗೆ ಹೋಗಿ ಒಂದು ಪ್ರತಿ ತಂದುಕೊಟ್ಟಳು. "ಪೂರ್ತಿ ನೋಡಿ. ಮಧ್ಯೆ ನಿಲ್ಲಿಸ್ಬೇಡಿ" ಎಂದಷ್ಟೇ ಹೇಳಿದಳು.

ಸ್ಟಾಲರ್ಡ್ ಮತ್ತು ಪ್ರಿಡಿ ಠಾಣೆಯಲ್ಲಿ ವಿಡಿಯೋ ಹಾಕಿದರು. ಹಾಸಿಗೆಯಲ್ಲಿ ಒರಗಿದ್ದ ಹಾರ್ಮನ್ ತನ್ನ ಚಾಲನಾ ಪರವಾನಗಿ ತೋರಿಸಿದ. ಹಿಂದೆ ಯಾವ ಬೀದಿಯಲ್ಲಿದ್ದೆ, ಯಾವ ಬ್ಯಾಂಕಲ್ಲಿ ಸಾಲ ಮಾಡಿದ್ದೆ ಎಂದು ಗುರುತು ಪರೀಕ್ಷಿಸಲು ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಬೈಯುತ್ತಲೇ ಸರಿಯಾಗಿ ಉತ್ತರ ಕೊಟ್ಟ. ಕೋಣೆಯಲ್ಲಿ ಬೇರೆ ಯಾರಿದ್ದಾರೆ ಎಂದು ಒಲೀಟಾ ಕೇಳಿದಳು. "ನಾನು, ಈ ನಳಿಕೆ, ಇಬ್ರೇ" ಎಂದ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದದ್ದಕ್ಕೆ ನಕ್ಕುಬಿಟ್ಟ. ಟ್ಯಾನ್ಸಿಯ ಮೇಲಿದ್ದ ಅನುಮಾನ ಅಲ್ಲಿಗೆ ಹೋಯಿತು.

ಸಹಿ ಹಾಕುವ ಹೊತ್ತಿಗೆ ಒಲೀಟಾಳ ಕಡೆಯಿಂದ ಒಂದು ಲಾಲಿಯ ರಾಗ ಮೆಲ್ಲಗೆ ಕೇಳಿಸಿತು, ಚಾವಣಿಯಿಂದ ಇಳಿದಂತೆ. ಅವಳು ಒಮ್ಮೆ ತಲೆ ಎತ್ತಿ ನೋಡಿದಳು.

"ಅದೇನು ಸಂಗೀತ ಒಲೀಟಾ?"

"ಏನಿಲ್ಲ ಹಾರ್ಮನ್. ನೀನು ಸಹಿ ಹಾಕು."

ಸ್ಟಾಲರ್ಡ್ ವಿಡಿಯೋ ನಿಲ್ಲಿಸಿದ. ಅವನ ಮುಖ ಕೆಂಪಗಾಗಿತ್ತು. ಹೋದ ವರ್ಷ ಮೊಮ್ಮಗ ಹುಟ್ಟಿದಾಗ ಇದೇ ರಾಗ ಕೇಳಿ ಅವನು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಅತ್ತಿದ್ದ. ಅಲ್ಲಿ ಮಗು ಹುಟ್ಟಿದಾಗಲೆಲ್ಲ ಇಡೀ ಕಟ್ಟಡಕ್ಕೆ ಕೇಳುವಂತೆ ಅದನ್ನು ಹಾಕುತ್ತಾರೆ. ಆ ಆಸ್ಪತ್ರೆ ಇರುವುದು ಟೆನೆಸಿಯಲ್ಲಿ. ಬ್ರಿಸ್ಟಲ್‌ನ ದೊಡ್ಡ ಬೀದಿಯ ನಟ್ಟನಡುವೆ ಹಿತ್ತಾಳೆ ಬಿಲ್ಲೆ ಹೊಡೆದು ಗಡಿ ಗುರುತಿಸಿದ್ದಾರೆ. ಬಿಲ್ಲೆಯ ಉತ್ತರಕ್ಕೆ ವರ್ಜೀನಿಯಾ, ದಕ್ಷಿಣಕ್ಕೆ ಟೆನೆಸಿ. ಕಾಫಿ ಕುಡಿಯಲು ಜನ ದಿನಕ್ಕೆ ಹತ್ತು ಸಲ ಅದನ್ನು ದಾಟುತ್ತಾರೆ.

"ದರಿದ್ರ ಹಾಡು" ಎಂದು ಸ್ಟಾಲರ್ಡ್ ಬೈದುಕೊಂಡ. "ಯಾಕೆ ಗುರುತು ಸಿಕ್ತೋ ನಂಗೆ."

ಏಪ್ರಿಲ್ 4ರಂದು ಆಚೆ ಬದಿಯ ಪೊಲೀಸರನ್ನು ಜೊತೆಗೆ ಕರೆದುಕೊಂಡು ಅವನು ಆಸ್ಪತ್ರೆಗೆ ಹೋದ. ಒಲೀಟಾಳ ಗಂಡ ಬರ್ಲ್ ಫೆಬ್ರುವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಉಸಿರಿನ ಯಂತ್ರದ ಮೇಲಿದ್ದನೆಂದು ಗೊತ್ತಾಯಿತು. ಮಾರ್ಚ್ 11ರ ಸಂಜೆ ನಾಲ್ಕೂಕಾಲಿಗೆ ಒಂದು ಹೆಣ್ಣು ಮಗು ಹುಟ್ಟಿತ್ತು. ವಿಡಿಯೋದಲ್ಲಿ ಲಾಲಿ ಕೇಳಿಸಿದ್ದೂ ಅದೇ ಹೊತ್ತಿಗೆ. ಬರ್ಲ್ ಇದ್ದ ಕೊಠಡಿಯ ಎದುರಿಗೆ, ಬಂಧುಗಳು ಕೂರುವ ಪುಟ್ಟ ಕೋಣೆಯೊಂದಿತ್ತು. ವಿಡಿಯೋದಲ್ಲಿ ಒಲೀಟಾಳ ಹಿಂದೆ ಕಂಡಿದ್ದ ಬಿಳಿ ಗೋಡೆ, ಅದರ ಮೂಲೆಯ ಬಿರುಕು, ಎರಡೂ ಅಲ್ಲೇ ಇದ್ದವು. ಪ್ರಿಡಿ ಚಿತ್ರ ತೆಗೆದಳು. ದಾದಿಯ ಹೇಳಿಕೆ ಬರೆದುಕೊಂಡು ಮಹಜರು ಮುಗಿಸಿದರು.

ಸುಳ್ಳು ಸ್ಥಳ ಬರೆದ ಪತ್ರ ನೋಂದಣಿಯಾದದ್ದು ಈಚೆ, ವರ್ಜೀನಿಯಾ ಬದಿಯಲ್ಲಿ. ಆದ್ದರಿಂದ ಪ್ರಕರಣ ಸ್ಟಾಲರ್ಡ್‌ನ ಕೊರಳಿಗೇ ಬಿತ್ತು. ಸರ್ಕಾರಿ ದಾಖಲೆಯಲ್ಲಿ ತಿಳಿದೂ ಸುಳ್ಳು ಬರೆದ ಆರೋಪದ ಮೇಲೆ ವಾರಂಟು ಹೊರಟಿತು. 5ರ ಬೆಳಿಗ್ಗೆ ಅವರು ಹೋದಾಗ ಒಲೀಟಾ ಕೋಟು ತೊಟ್ಟು ಸಿದ್ಧಳಾಗಿ ಕೂತಿದ್ದಳು. ಬರ್ಲ್‌ನ ಬೂಟುಗಳು ಇನ್ನೂ ಬಾಗಿಲ ಬಳಿಯೇ ಇದ್ದವು.

"ಆ ದಿನ ಎಲ್ಲಿ ಕೂತಿದ್ರಿ?"

"ಗೆರೆ ಆಚೆ. ನಿಮಗೆ ಗೊತ್ತಾಗಿದೆಯಲ್ಲ ವರ್ಲಿನ್."

"ತಪ್ಪು ಅಂತ ಗೊತ್ತಿರ್ಲಿಲ್ವಾ?"

"ಚೆನ್ನಾಗಿ ಗೊತ್ತಿತ್ತು. ನಿಯಮ ಓದಿ ಪ್ರಮಾಣ ಮಾಡಿದೋಳು ನಾನು."

"ಹತ್ತು ನಿಮಿಷದ ದಾರಿ ಕಣ್ರೀ! ಮನೆಗೆ ಬಂದು ಮಾಡೋಕೆ ಏನಾಗಿತ್ತು?" ಸ್ಟಾಲರ್ಡ್ ಗದರಿದ.

"ಇನ್ನು ಯಾವ ಗಳಿಗೇಲಾದ್ರೂ ಆಗ್ಬೋದು, ಪಕ್ಕ ಬಿಟ್ಟು ಹೋಗ್ಬೇಡಿ ಅಂತ ಡಾಕ್ಟರ್ ಆಗಷ್ಟೇ ಹೇಳಿದ್ರು. ಅದೇ ಹೊತ್ತಿಗೆ ಹಾರ್ಮನ್ ಫೋನು. ಬೆಳಿಗ್ಗೆ ಎದೆ ಕೊಯ್ತಾರೆ, ಇವತ್ತೇ ಆಗ್ಬೇಕು ಅಂದ. ಬೇರೆ ನೋಟರಿ ಯಾರನ್ನಾದ್ರೂ ಹಿಡಿ ಅಂದೆ. ಗುರುತಿಲ್ಲದೋರ ಮುಂದೆ ಮನೆ ವಿಷಯ ಮಾತಾಡಲ್ಲ ಅಂದ. ಇಬ್ರಿಗೂ ಟೈಮಿರ್ಲಿಲ್ಲ. ಬರ್ಲ್ ಅವತ್ತೇ ಸಂಜೆ ಏಳಕ್ಕೆ ಹೋದ. ನಾನು ಕೈ ಹಿಡ್ಕೊಂಡಿದ್ದೆ."

ಪ್ರಿಡಿ ಕಿಟಕಿಯ ಕಡೆ ತಿರುಗಿ ನಿಂತಳು.

"ವಿಡಿಯೋ ಅಳಿಸಿಬಿಡಬಹುದಿತ್ತು. ಕೆಟ್ಟೋಯ್ತು ಅಂದಿದ್ರೆ ನಾವೇನು ಮಾಡ್ತಿದ್ವಿ?"

"ಆಗ ಹಾರ್ಮನ್ ನಿಜವಾಗ್ಲೂ ಕೊಟ್ಟ ಅನ್ನೋದಕ್ಕೆ ಏನುಳೀತಿತ್ತು? ಆ ಹುಡುಗಿ ಬೀದಿಗೆ ಬರ್ತಿದ್ಲು." ಅವಳು ಎದ್ದು ನಿಂತಳು. "ನನ್ನ ಮೊಹರು ಹೋದ್ರೆ ಅವಳ ಮನೆ ಹೋಗುತ್ತಾ ವರ್ಲಿನ್? ಅದೊಂದು ಹೇಳಿ."

ಆ ಪ್ರಶ್ನೆಯನ್ನು ಅವನು ಹಿಂದಿನ ದಿನವೇ ಸರ್ಕಾರಿ ವಕೀಲರಿಗೆ ಕೇಳಿದ್ದ. ಮೊಹರು ಬಿದ್ದ ಮಾತ್ರಕ್ಕೆ ಪತ್ರದಲ್ಲಿರುವುದೆಲ್ಲ ನಿಜವಾಗುವುದಿಲ್ಲ, ಮೊಹರು ರದ್ದಾದ ಮಾತ್ರಕ್ಕೆ ಕೊಟ್ಟದ್ದು ಸುಳ್ಳಾಗುವುದೂ ಇಲ್ಲ ಎಂದಿದ್ದರು ಅವರು. ಸಹಿ ಹಾಕಿದವನು ಅವನೇ ಎಂದು ಹೇಳುವುದಷ್ಟೇ ಮೊಹರಿನ ಕೆಲಸ. ನೋಂದಣಿ ಕೆಟ್ಟರೂ ದಾನ ಊರ್ಜಿತವಾಗಿಯೇ ಉಳಿಯಬಹುದು. ಆದರೆ ಡಾಯಲ್ ನ್ಯಾಯಾಲಯಕ್ಕೆ ಹೋದರೆ ವರ್ಷಗಟ್ಟಲೆ ಎಳೆದಾಡಬೇಕಾಗುತ್ತದೆ, ಅಡುಗೆಮನೆಯ ಸಂಬಳದಲ್ಲಿ ಟ್ಯಾನ್ಸಿಗೆ ಅದು ಆಗದ ಮಾತು ಎಂದೂ ಹೇಳಿದ್ದರು.

"ಅದು ಡಾಯಲ್ ಕೈಲಿದೆ" ಎಂದ ಸ್ಟಾಲರ್ಡ್. ಅವಳಿಗೆ ಬೇಡಿ ಹಾಕಲಿಲ್ಲ.

ಮಧ್ಯಾಹ್ನ, ವಿಡಿಯೋದಲ್ಲಿರುವವನು ಹಾರ್ಮನ್ನೇ ಎಂದು ಗುರುತಿಸಲು ಡಾಯಲ್‌ನನ್ನು ಕರೆಸಿದರು. ಅವನು ಗೆದ್ದ ಉಮೇದಿನಲ್ಲೇ ಬಂದ.

"ನಾನು ಹೇಳ್ಲಿಲ್ವಾ? ಮೊಹರು ಸುಳ್ಳು ಅಂತ ನಾನು ಹೇಳ್ಲಿಲ್ವಾ?"

"ಬಾಯಿ ಮುಚ್ಕೊಂಡು ನೋಡು."

ಅಣ್ಣನ ಮುಖ ಕಂಡಕೂಡಲೇ ಡಾಯಲ್ ಟೋಪಿ ತೆಗೆದ. "ಹೂಂ, ಅವನೇ" ಎಂದ. ಸಹಿಯಾಯಿತು. ಲಾಲಿ ಮುಗಿಯಿತು. ಹಾರ್ಮನ್ ದಿಂಬಿಗೆ ತಲೆ ಆನಿಸಿ ಮಾತಾಡುತ್ತಲೇ ಇದ್ದ.

"ಟ್ಯಾನ್ಸಿ ನಮ್ಮಮ್ಮನ ತಲೆಗೆ ಎರಡು ವರ್ಷ ನೀರು ಹಾಕಿದ್ಲು ಒಲೀಟಾ. ಪ್ರತಿ ಶನಿವಾರ. ಡಾಯಲ್ ಅಂಗಡಿ ಬೀದಿ ಆಚೆಗೇ ಇತ್ತು. ಅಮ್ಮ ಕಿಟಕಿ ಪಕ್ಕ ಕೂತು, ಅವನು ಅಂಗಡಿ ಬಾಗಿಲು ಹಾಕಿ ಬರ್ತಾನೇನೋ ಅಂತ ಕಾಯೋಳು. ಇದನ್ನ ಅವನಿಗೆ ಹೇಳ್ಬೇಡ. ನೊಂದ್ಕೋತಾನೆ. ಚಿಕ್ಕವನು ಅವನು."

ತೆರೆ ಕಪ್ಪಾಯಿತು. ಪ್ರಿಡಿ ಗುರುತಿನ ಹೇಳಿಕೆಯನ್ನು ಅವನ ಮುಂದಿಟ್ಟಳು. ಡಾಯಲ್ ಸಹಿ ಹಾಕಿದ.

"ಒಲೀಟಾ ಮೇಲಿನ ಕೇಸು ವಾಪಸ್ ತಗೋಬೋದಾ?" ಎಂದು ನೆಲ ನೋಡುತ್ತ ಕೇಳಿದ.

"ಈಗಾಗಲ್ಲ. ಅದೀಗ ಸರ್ಕಾರದ್ದು. ಮನೆ ವಿಷಯ ಮಾತ್ರ ನಿಂದು. ತಕರಾರು ಹಾಕೋದಾದ್ರೆ ಅರ್ಜಿ ನಮೂನೆ ಅಲ್ಲಿದೆ."

ಡಾಯಲ್ ಆ ಕಡೆ ನೋಡಲೂ ಇಲ್ಲ, ಎದ್ದು ಹೊರಟ. ಸ್ಟಾಲರ್ಡ್ ಕಿಟಕಿಯ ಬಳಿ ಹೋಗಿ ನಿಂತ. ಡಾಯಲ್ ಬೀದಿಯ ನಡುವೆ ಹಿತ್ತಾಳೆ ಬಿಲ್ಲೆಗಳ ಹತ್ತಿರ ಒಂದು ಗಳಿಗೆ ನಿಂತು, ಆಚೆಗೆ ದಾಟಿಹೋದ. ಅವನ ಟೋಪಿ ಮೇಜಿನ ಮೇಲೆಯೇ ಉಳಿದಿತ್ತು. ಅದಕ್ಕೂ ಅವನು ಬರಲಿಲ್ಲ, ಅರ್ಜಿಗೂ ಬರಲಿಲ್ಲ.