ದಾರವಿಲ್ಲದ ಮೊಳೆ

“ಪೆಟ್ಟಿಗೆ ಮೈಗೆ ಹೊಲಿದ ಹಾಗೆ ಕೂತಿತ್ತು ಸಾರ್. ಅಳತೆ ಕೊಟ್ಟೋರು ಯಾರು ಅಂತ ಮಾತ್ರ ನಮ್ಮನೇಲಿ ಯಾರಿಗೂ ಗೊತ್ತಿಲ್ಲ.”

ಹೇಳಿದ್ದು ಟೈಲರಮ್ಮ. ಶನಿವಾರ ಬೆಳಿಗ್ಗೆ 10.20. ಸಮಯ ಬರೆದುಕೊಂಡವನು ಕಾನ್‌ಸ್ಟೇಬಲ್. ನೀರು ಕುಡಿದರೂ ಹೊತ್ತು ಬರೆದಿಡುವ ಆಸಾಮಿಯಾದ್ದರಿಂದ ಠಾಣೆಯಲ್ಲಿ ಅವನಿಗೆ ಗಡಿಯಾರ ಅಂತಲೇ ಹೆಸರು.

ಮಂಗಳವಾರ ಬೆಳಿಗ್ಗೆ ಎಂಟರ ಸುಮಾರಿಗೆ ಸೇತುವೆ ರಸ್ತೆಯ ತಿರುವಿನಲ್ಲಿ ಯಾವುದೋ ವಾಹನ ಗುದ್ದಿ ಆಕೆಯ ಒಬ್ಬಳೇ ಮಗಳು, ನರ್ಸಿಂಗ್ ಓದುತ್ತಿದ್ದ ಹುಡುಗಿ, ತೀರಿಹೋಗಿದ್ದಳು. ಗುದ್ದಿದವನು ಅವಳನ್ನು ಎತ್ತಿ ಕಲ್ಲು ಬೆಂಚಿನ ಮೇಲೆ ಮಲಗಿಸಿ ಮಾಯವಾಗಿದ್ದ. ಎಫ್‌ಐಆರ್‌ನಲ್ಲಿ ‘ಅಪರಿಚಿತ ಚಾಲಕ’. ಪಂಚನಾಮೆಯಲ್ಲಿ ಒಂದೇ ವಿಚಿತ್ರ ವಸ್ತು: ತಲೆಯಡಿ ಮಡಚಿಟ್ಟಿದ್ದ ಬಿಳಿ ಸ್ಯಾಟಿನ್ ಬಟ್ಟೆ. ನಾಲ್ಕು ದಿನ ಗ್ಯಾರೇಜು ಸುತ್ತಿದ್ದಕ್ಕೆ ಸಿಕ್ಕಿದ್ದು ಕಾಲುನೋವು.

ಶವಪೆಟ್ಟಿಗೆ ಮಾಡುವ ಬಡಗಿ ಊರಿಗೆಲ್ಲ ಒಬ್ಬನೇ. ಮನೆಯವರು ತೀರಿಕೊಂಡವರ ಉದ್ದಕ್ಕೆ ದಾರ ಕತ್ತರಿಸಿ ತಂದುಕೊಡಬೇಕು, ಆಮೇಲೇ ಅವನು ಗರಗಸ ಮುಟ್ಟುವುದು. ಬುಧವಾರ ಬೆಳಿಗ್ಗೆ ದಾರ ತೆಗೆದುಕೊಂಡು ಹೊರಡೋಣವೆಂದು ಟೈಲರಮ್ಮನ ಅಣ್ಣ ಚಪ್ಪಲಿ ಹಾಕುತ್ತಿದ್ದಾಗ ಪೆಟ್ಟಿಗೆಯೇ ಬಾಗಿಲಿಗೆ ಬಂದಿತ್ತಂತೆ. ಪಾದ್ರಿಗಳು ಹೇಳಿರಬೇಕು ಅಂದುಕೊಂಡಿದ್ದರು. ಕೇಳಿದರೆ ಅವರು ಇಲ್ಲವೆಂದರು.

“ಕಣ್ಣಳತೇಲಿ ಮಾಡಿರಬಹುದಲ್ಲಮ್ಮ?” ಇನ್ಸ್‌ಪೆಕ್ಟರ್ ಕೇಳಿದರು.

“ಇಪ್ಪತ್ತೆರಡು ವರ್ಷದಿಂದ ಹೊಲೀತಿದೀನಿ. ಕಣ್ಣಳತೆ ಅಷ್ಟು ಸರಿ ಬರಲ್ಲ.”

ಗುದ್ದಿದವನು ಸಿಕ್ಕಿದರೆ ಏನು ಮಾಡುತ್ತೀರಿ ಎಂದದ್ದಕ್ಕೆ ಆಕೆ ಸೆರಗಿನ ತುದಿ ಸುತ್ತುತ್ತ ಕೂತಳು. ದಿನಾ ಹೇಳುವ ಪ್ರಾರ್ಥನೆಯಲ್ಲಿ ಕ್ಷಮಿಸುವ ಮಾತು ಬರುತ್ತದೆ, ಮಂಗಳವಾರದಿಂದ ಅಲ್ಲಿಗೆ ಬಂದಾಗ ನಾಲಿಗೆ ಏಳುತ್ತಿಲ್ಲ, ಮುಂದಿನದನ್ನು ಹೇಳಲಾಗದೆ ಎದ್ದುಬಿಡುತ್ತೇನೆ ಅಂದಳು.

“ಮುಖ ಇಲ್ಲದೋರನ್ನ ಹೇಗೆ ಕ್ಷಮಿಸಲಿ ಸಾರ್? ಮುಖ ಹುಡುಕಿಕೊಡಿ.”

11.45ಕ್ಕೆ ಇನ್ಸ್‌ಪೆಕ್ಟರ್ ಮತ್ತು ಗಡಿಯಾರ ಬಡಗಿಯ ಕಾರ್ಖಾನೆ ಹೊಕ್ಕರು. ಮೂಗಿಗೆ ಪಾಲಿಷ್ ವಾಸನೆ, ಕಾಲಡಿ ಮರದ ಹೊಟ್ಟು. ಗೋಡೆಯ ಮೇಲೆ ಸಾಲಾಗಿ ಮೊಳೆಗಳು, ಅವುಗಳಲ್ಲಿ ತಾರೀಖಿನ ಚೀಟಿ ಕಟ್ಟಿದ ಅಳತೆ ದಾರಗಳು. ಮುಗಿದ ಕೆಲಸದ ದಾರವನ್ನೂ ತಿಂಗಳು ತುಂಬುವವರೆಗೆ ಅವನು ಬಿಸಾಡುತ್ತಿರಲಿಲ್ಲ.

“ಈ ವಾರ ಎಷ್ಟು ಪೆಟ್ಟಿಗೆ?”

“ಮೂರು.”

“ಈ ವಾರದ ದಾರ ಎರಡೇ ಇದೆ. ಮೂರನೇ ಮೊಳೆ ಖಾಲಿ.”

ಬಡಗಿ ಉಜ್ಜುತ್ತಿದ್ದ ಹಲಗೆಯನ್ನೇ ಉಜ್ಜಿದ.

“ಟೈಲರಮ್ಮನ ಮಗಳ ಅಳತೆ ಎಲ್ಲಿತ್ತು?”

ಅವನ ಕೈ ನಿಂತಿತು. “ನನ್ನ ತೋಳಲ್ಲೇ ಇತ್ತು ಸಾರ್.”

ಒಳಹೊದಿಕೆಗೆ ಇಟ್ಟಿದ್ದ ಸ್ಯಾಟಿನ್ ಸುರುಳಿಯ ಅಂಚು ಪಂಚನಾಮೆಯ ತುಂಡಿಗೆ ಕೂಡಿಕೊಂಡಿತು. ಪೆಟ್ಟಿಗೆ ಸಾಗಿಸುವ ಅವನ ವ್ಯಾನಿನ ಎಡದೀಪ ಹೊಚ್ಚಹೊಸದು, ಗ್ಯಾರೇಜಿಗೆ ಹೋಗದೆ ಅವನೇ ಕೂರಿಸಿದ್ದು. 12.30ಕ್ಕೆ ದಸ್ತಗಿರಿ.

ಹೇಳಿಕೆಯಲ್ಲಿ ಹೆಚ್ಚೇನಿರಲಿಲ್ಲ. ತಿರುವಿನಲ್ಲಿ ವ್ಯಾನಿನ ಹಿಂದಿದ್ದ ಬೇರೆ ಯಾರದೋ ಪೆಟ್ಟಿಗೆ ಜಾರಿತು, ತಿರುಗಿ ನೋಡಿದ, ಅಷ್ಟೇ. ಎತ್ತಿಕೊಂಡಾಗಲೇ ಹುಡುಗಿಗೆ ಉಸಿರಿರಲಿಲ್ಲ. ಮರಣೋತ್ತರ ವರದಿಯೂ ಅದನ್ನೇ ಹೇಳಿತ್ತು. ಓಡಿದ್ದು ಭಯಕ್ಕೆ. ಪೆಟ್ಟಿಗೆ ಮಾಡಿದ್ದು ಯಾಕೆಂದು ಕೇಳಿದಾಗ, ಸುಮ್ಮನೆ ಕೂರಲು ಕೈ ಬಿಡಲಿಲ್ಲ ಅಂದ. ಇನ್ಸ್‌ಪೆಕ್ಟರ್ ಅದನ್ನು ಹಾಗೇ ಬರೆದುಕೊಂಡರು.

ನ್ಯಾಯಾಧೀಶರ ಮುಂದೆ ಕರೆದೊಯ್ಯುವ ಮೊದಲು ಟೈಲರಮ್ಮ ಠಾಣೆಗೆ ಬಂದಳು. ಬಡಗಿ ನೆಲ ನೋಡುತ್ತ ನಿಂತಿದ್ದ.

“ಮೇಲೆ ನೋಡಪ್ಪ.”

ನೋಡಿದ. ಆಕೆ ಚೀಲ ಹೆಗಲಿಗೇರಿಸಿಕೊಂಡಳು. ಹೋಗಿಬಿಡುತ್ತಾಳೆ ಎಂದುಕೊಂಡ ಗಡಿಯಾರ ಬಾಗಿಲು ಬಿಟ್ಟು ಸರಿದ.

“ನಿನ್ನನ್ನ ಕ್ಷಮಿಸಿದೀನಿ,” ಅಂದಳು. “ನಾಳೆ ಮತ್ತೆ ಕೋಪ ಬರುತ್ತೆ. ನಾಳೆ ಮತ್ತೆ ಕ್ಷಮಿಸ್ತೀನಿ.”

“ನಾನು ಅದಕ್ಕೆ ತಕ್ಕವನಲ್ಲಮ್ಮ.”

“ತಕ್ಕವನಾಗಿದ್ರೆ ಕ್ಷಮೆ ಯಾಕೆ ಬೇಕಿತ್ತು?”

ಇನ್ಸ್‌ಪೆಕ್ಟರ್ ಮೆಲ್ಲಗೆ, ಕೇಸು ಮಾತ್ರ ನಿಲ್ಲಿಸಲಾಗುವುದಿಲ್ಲ ಎಂದರು.

“ನಿಲ್ಲಿಸಿ ಅಂತ ಯಾರು ಹೇಳಿದ್ರು? ಅದು ನಿಮ್ಮ ಕೆಲಸ, ಇದು ನನ್ನದು.” ಬಡಗಿಯ ಅಂಗಿಯ ತೋಳು ಹಿಡಿದು ನೋಡಿದಳು. ಗುಂಡಿ ಕಿತ್ತು ಕಫ್ ಜೋತಾಡುತ್ತಿತ್ತು. “ದೊಡ್ಡೋರ ಮುಂದೆ ಹೀಗೆ ಹೋಗ್ತಾರೇನು? ಅಲ್ಲಾಡಬೇಡ.”

ಚೀಲದಿಂದ ಸೂಜಿ, ಗುಂಡಿ ತೆಗೆದು, ಬಿಳಿ ದಾರ ಪೋಣಿಸಿ, ನಿಂತಲ್ಲೇ ಗುಂಡಿ ಹಾಕಿ ದಾರವನ್ನು ಹಲ್ಲಲ್ಲಿ ಕಡಿದಳು. ಆಗ ಎಷ್ಟು ಗಂಟೆಯಾಗಿತ್ತೋ, ಗಡಿಯಾರ ಬರೆದುಕೊಂಡಿಲ್ಲ.